ಬಿಸಿ ತಾಗಿದರೆ ಮಾಯವಾಗುವ ನೀಲಿಯಲ್ಲಿ ಚಿತ್ರ ಬರೆಯೋದು

ಥರ್ಮೋಕ್ರೋಮಿಕ್ ಪುಡಿ, ಅಂದರೆ ಬಿಸಿಗೆ ಬಣ್ಣ ಬದಲಿಸುವ ಪುಡಿ, ತಂದವರು ಮೊದಲು ಮಾಡೋದು ಬಿಳಿ ಹಾಳೆಗೆ ಬಳಿದು ಬೆರಳಿಟ್ಟು ನೋಡೋದು. ಅದು ಚೆಂದವೇ. ಆದರೆ ಚಿತ್ರ ಅಂತ ಆಗಬೇಕಾದರೆ ಅಡಿಯಲ್ಲಿ ಏನಿದೆ ಅನ್ನೋದೇ ಮುಖ್ಯ, ಮೇಲಿನ ಈ ಬಣ್ಣ ಬರೀ ಪರದೆ.

ನಾನು ಬಳಸುವುದು 31 ಡಿಗ್ರಿ ಸೆಲ್ಸಿಯಸ್‌ಗೆ ಮಾಯವಾಗುವ ನೀಲಿ. ಪುಡಿಯ ಒಂದೊಂದು ಕಣವೂ ಕೆಲವೇ ಮೈಕ್ರಾನ್ ಗಾತ್ರದ ಕ್ಯಾಪ್ಸೂಲ್. ಒಳಗೆ ಲ್ಯೂಕೋ ಡೈ (ಬಣ್ಣ ತಾಳಿ ಮತ್ತೆ ಬಣ್ಣ ಬಿಡಬಲ್ಲ ಡೈ), ಒಂದು ದುರ್ಬಲ ಆಮ್ಲ, ಜೊತೆಗೆ ಮೇಣದಂಥ ಒಂದು ವಸ್ತು ಇರುತ್ತವೆ. ಇಂಥ ನೀಲಿ ಕೊಡುವ ಡೈಗಳಲ್ಲಿ ಕ್ರಿಸ್ಟಲ್ ವಯಲೆಟ್ ಲ್ಯಾಕ್ಟೋನ್ ತುಂಬಾ ಹೆಸರಾದದ್ದು. ಮೇಣ ಗಟ್ಟಿಯಾಗಿರುವಾಗ ಆಮ್ಲ ಈ ಡೈ ಜೊತೆ ಸೇರಿಕೊಂಡು ಅಣುವಿನಲ್ಲಿರುವ ಒಂದು ಉಂಗುರವನ್ನು ತೆರೆದಿಡುತ್ತದೆ, ಆಗ ನೀಲಿ. ಮೇಣ ಕರಗಿದರೆ ಆಮ್ಲ ಡೈಯನ್ನು ಬಿಟ್ಟು ಮೇಣದ ಕಡೆ ಹೋಗುತ್ತದೆ, ಉಂಗುರ ಮುಚ್ಚಿಕೊಳ್ಳುತ್ತದೆ, ಬಣ್ಣ ಹೋಯಿತು. ಎಷ್ಟು ಬಿಸಿಗೆ ಬದಲಾಗಬೇಕು ಅಂತ ಮುಖ್ಯವಾಗಿ ತೀರ್ಮಾನ ಮಾಡೋದು ಈ ಮೇಣವೇ.

ಮೊದಲು ಸಾಮಾನ್ಯ ಅಕ್ರಿಲಿಕ್‌ನಲ್ಲಿ ಹಳದಿ ಎಲೆಗಳನ್ನು ಬರೆದು ಒಣಗಿಸುತ್ತೇನೆ. ಆಮೇಲೆ ಪುಡಿಯನ್ನು ಪಾರದರ್ಶಕ ಅಕ್ರಿಲಿಕ್ ಮೀಡಿಯಂನಲ್ಲಿ ಕಲಸಿ ತೆಳ್ಳಗೆ, ಒಂದರ ಮೇಲೊಂದು ಕೋಟ್ ಹಾಕುತ್ತೇನೆ. ತಣ್ಣಗಿದ್ದಾಗ ಎಲೆ ಹಸಿರು, ಅಂಗೈ ಇಟ್ಟರೆ ಹಳದಿ. ಕಪ್ಪು ಗೆರೆ ಎಳೆದರೆ ಮಾತ್ರ ನೀಲಿಯ ಕೆಳಗಿಂದ ಇಣುಕುತ್ತಲೇ ಇರುತ್ತದೆ, ಹಾಗಾಗಿ ಅಡಗಿಸಬೇಕಾದದ್ದನ್ನು ತಿಳಿ ಬಣ್ಣದಲ್ಲೇ ಬರೆಯಬೇಕು. ಪುಡಿಯನ್ನು ಅರೆಯಬೇಡಿ, ಅಸಿಟೋನ್ ಸೋಕಿಸಬೇಡಿ, ಕ್ಯಾಪ್ಸೂಲ್ ಹಾಳಾದರೆ ಆಟ ಮುಗಿಯಿತು. ಕಲಸಿಟ್ಟ ಬಣ್ಣದಲ್ಲಿ ಪುಡಿ ತಳಕ್ಕೆ ಇಳಿಯುತ್ತದೆ, ಆಗಾಗ ತಿರುವುತ್ತಿರಿ.

ಇನ್ನೊಂದು ವಿಷಯ, ಹೋದ ಬಣ್ಣ ಅದೇ ಡಿಗ್ರಿಗೆ ವಾಪಸ್ ಬರಲ್ಲ, ಇನ್ನೂ ಸ್ವಲ್ಪ ತಣ್ಣಗಾಗಬೇಕು. ಈ ತಡ ನನಗೆ ಬಹಳ ಇಷ್ಟ, ಕೈ ತೆಗೆದ ಮೇಲೂ ಬೆರಳ ಗುರುತು ಉಳಿದು ನಿಧಾನಕ್ಕೆ ಹಸಿರಾಗುತ್ತದೆ ಅಲ್ವಾ, ನೋಡುವವರು ಅಲ್ಲೇ ನಿಂತುಬಿಡುತ್ತಾರೆ. ಆದರೆ ಕೋಣೆಯೇ 31 ಡಿಗ್ರಿ ದಾಟಿದರೆ ಇಡೀ ಚಿತ್ರ ಹಳದಿಯಾಗೇ ಇರುತ್ತದೆ. ಅಂಥ ಜಾಗಕ್ಕೆ ಇನ್ನೂ ಜಾಸ್ತಿ ಡಿಗ್ರಿಯ ಪುಡಿ ಆರಿಸಬೇಕು.

ದೊಡ್ಡ ಶತ್ರು ಬಿಸಿಲು. ನೇರಳಾತೀತ ಕಿರಣ ಡೈಯನ್ನೇ ಒಡೆಯುತ್ತದೆ, ಅದನ್ನು ತಡೆಯುವ ವಾರ್ನಿಶ್ ಹಾಕಿದರೂ ಸವೆತ ನಿಧಾನವಾಗುತ್ತದೆ ಅಷ್ಟೇ, ನಿಲ್ಲಲ್ಲ. ಚಿತ್ರ ಕೊಂಡವರಿಗೆ ಇದನ್ನು ನೇರವಾಗಿ ಹೇಳುತ್ತೇನೆ, ಕಿಟಕಿಯ ಎದುರು ತೂಗುಹಾಕಬೇಡಿ ಅಂತಲೂ. ಒಂದು ದಿನ ನೀಲಿ ಪೂರ್ತಿ ಹೋದರೂ ನೋಡುವ ಹಾಗಿರಬೇಕು ಅಂತಲೇ ಅಡಿಯ ಹಳದಿ ಎಲೆಗಳಿಗೆ ಅಷ್ಟೊಂದು ಸಮಯ ಕೊಡುತ್ತೇನೆ.