ರೆಸ್ಯೂಮ್ ಲಿಂಕ್ ತೆರೆಯದಿದ್ದರೆ: ನನ್ನ ಅನುಭವ

ಅರ್ಜಿಯ ಜೊತೆ ಕಳುಹಿಸಿದ ಗೂಗಲ್ ಡ್ರೈವ್ ಲಿಂಕ್ ನನ್ನ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ತೆರೆಯುತ್ತಿತ್ತು. ಕಂಪನಿಯವರಿಗೆ ಮಾತ್ರ ಅನುಮತಿ ಕೇಳುವ ಪುಟ ಬರುತ್ತಿತ್ತು. ಪಿಡಿಎಫ್ ಮತ್ತೆ ಮಾಡಿದೆ, ಬ್ರೌಸರ್ ಬದಲಿಸಿದೆ, ಲಿಂಕ್ ಹೊಸದಾಗಿ ತೆಗೆದೆ. ಯಾವುದೂ ಫಲಿಸಲಿಲ್ಲ.

ತೊಡಕು ಇದ್ದದ್ದು ಖಾತೆಯಲ್ಲಿ. ಫೈಲ್ ಕಾಲೇಜಿನ ಇಮೇಲ್ ಖಾತೆಯಲ್ಲಿತ್ತು. ಹೊರಗಿನವರೊಂದಿಗೆ ಹಂಚಿಕೊಳ್ಳುವ ಆಯ್ಕೆಯನ್ನು ಅಲ್ಲಿ ಮುಚ್ಚಿದ್ದರು.

ಫೈಲನ್ನು ಡೌನ್‌ಲೋಡ್ ಮಾಡಿ ಸ್ವಂತ ಜಿಮೇಲ್ ಖಾತೆಯ ಡ್ರೈವ್‌ಗೆ ಹಾಕಿ. ‘ಶೇರ್’ ಒತ್ತಿ, ‘ಜನರಲ್ ಆಕ್ಸೆಸ್’ ಕೆಳಗಿನ ‘ರಿಸ್ಟ್ರಿಕ್ಟೆಡ್’ ಅನ್ನು ‘ಎನಿವನ್ ವಿತ್ ದ ಲಿಂಕ್’ ಎಂದು ಬದಲಿಸಿ. ಪಕ್ಕದಲ್ಲಿ ‘ವ್ಯೂವರ್’ ಇರಲಿ, ‘ಎಡಿಟರ್’ ಬೇಡವೇ ಬೇಡ. ‘ಕಾಪಿ ಲಿಂಕ್’ ಒತ್ತಿ ಇನ್‌ಕಾಗ್ನಿಟೊದಲ್ಲಿ (ಬ್ರೌಸರಿನ ಖಾಸಗಿ ಕಿಟಕಿ, ಅಲ್ಲಿ ನಿಮ್ಮ ಖಾತೆ ಲಾಗಿನ್ ಆಗಿರುವುದಿಲ್ಲ) ಅಂಟಿಸಿ ನೋಡಿ. ಲಾಗಿನ್ ಕೇಳದೆ ತೆರೆಯಬೇಕು. ಲಿಂಕ್ ಸಿಕ್ಕ ಯಾರು ಬೇಕಾದರೂ ಓದಬಹುದಾದ್ದರಿಂದ ಮನೆಯ ವಿಳಾಸ, ಜನ್ಮದಿನಾಂಕ ಮೊದಲೇ ತೆಗೆದುಬಿಡಿ. ಮುಂದೆ ತಿದ್ದಿದಾಗ ಹಳೆಯ ಫೈಲ್ ಅಳಿಸಬೇಡಿ. ಡ್ರೈವ್‌ನಲ್ಲಿ ಅದೇ ಫೈಲಿನ ಮೆನುವಿನಲ್ಲಿರುವ ‘ಮ್ಯಾನೇಜ್ ವರ್ಷನ್ಸ್’ನಲ್ಲಿ ಹೊಸ ಪಿಡಿಎಫ್ ಸೇರಿಸಿದರೆ ಈಗಾಗಲೇ ಕೊಟ್ಟ ಲಿಂಕೇ ನಡೆಯುತ್ತದೆ.