ಎಪಿ ಕಂಪ್ಯಾರೆಟಿವ್ ಗವರ್ನಮೆಂಟ್‌ಗೆ ಟ್ಯೂಟರ್ ಹುಡುಕುವಾಗ ನೋಡಬೇಕಾದದ್ದು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತಕ್ಕೋ ಭೌತಶಾಸ್ತ್ರಕ್ಕೋ ಟ್ಯೂಟರ್ ಬೇಕಾದರೆ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದರೆ ಸಾಕು, ಸಂಜೆಯೊಳಗೆ ನಾಲ್ಕಾರು ಹೆಸರುಗಳು ಬಂದಿರುತ್ತವೆ. ಅದೇ ಗುಂಪಿನಲ್ಲಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಕಂಪ್ಯಾರೆಟಿವ್ ಗವರ್ನಮೆಂಟ್ ಆಂಡ್ ಪಾಲಿಟಿಕ್ಸ್ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ಬರುವ ಕೆಲವೇ ಹೆಸರುಗಳಲ್ಲಿ ಹೆಚ್ಚಿನವು ಎಪಿ ಯುಎಸ್ ಗವರ್ನಮೆಂಟ್ ಕಲಿಸುವವರದಾಗಿರುತ್ತವೆ. ಎರಡೂ ಎಪಿ ಪರೀಕ್ಷೆಗಳನ್ನು ನಡೆಸುವ ಸಂಸ್ಥೆಯಾದ ಕಾಲೇಜ್ ಬೋರ್ಡಿನ ಕೋರ್ಸುಗಳೇ ಆಗಿದ್ದರೂ ಪಾಠದ ವಸ್ತು ಬೇರೆ, ಉತ್ತರ ಬರೆಯುವ ರೀತಿಯೂ ಬೇರೆ. ಯುಎಸ್ ಗವರ್ನಮೆಂಟ್ ಪರೀಕ್ಷೆಯನ್ನು ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು ಬರೆಯುತ್ತಾರೆ. ಕಂಪ್ಯಾರೆಟಿವ್ ಬರೆಯುವವರು ಅದರ ಹತ್ತನೇ ಒಂದು ಭಾಗದಷ್ಟೂ ಇಲ್ಲ. ಬರೆಯುವವರೇ ಕಡಿಮೆ ಇರುವಲ್ಲಿ ಕಲಿಸುವವರೂ ಕಡಿಮೆ ಇರುವುದು ಸಹಜ. ಹೀಗಾಗಿ ಈ ಹುಡುಕಾಟಕ್ಕೆ ತುಸು ಹೆಚ್ಚು ಸಮಯ ಮತ್ತು ತುಸು ಹೆಚ್ಚು ತಿಳಿವಳಿಕೆ ಬೇಕಾಗುತ್ತದೆ.

ಹುಡುಕಲು ಹೊರಡುವ ಮೊದಲು ತಂದೆತಾಯಿಗಳು ಕೋರ್ಸಿನಲ್ಲಿ ಏನಿದೆ ಎಂಬುದನ್ನು ಒಮ್ಮೆ ಕೂತು ನೋಡಬೇಕು. ಇದು ಬ್ರಿಟನ್, ರಷ್ಯಾ, ಚೀನಾ, ಇರಾನ್, ಮೆಕ್ಸಿಕೊ ಮತ್ತು ನೈಜೀರಿಯಾ ಎಂಬ ಆರು ದೇಶಗಳ ರಾಜಕೀಯ ವ್ಯವಸ್ಥೆಗಳನ್ನು ಒಂದರ ಪಕ್ಕ ಒಂದನ್ನಿಟ್ಟು ಓದುವ ಕೋರ್ಸು. ಅಮೆರಿಕವೂ ಇದರಲ್ಲಿಲ್ಲ, ಭಾರತವೂ ಇಲ್ಲ. 2019-20ರಲ್ಲಿ ಪರಿಷ್ಕರಣೆಯಾದ ನಂತರ ಪಠ್ಯವು ಐದು ಘಟಕಗಳಲ್ಲಿದೆ: ರಾಜಕೀಯ ವ್ಯವಸ್ಥೆ ಮತ್ತು ಆಡಳಿತದ ಸ್ವರೂಪ, ರಾಜಕೀಯ ಸಂಸ್ಥೆಗಳು, ರಾಜಕೀಯ ಸಂಸ್ಕೃತಿ ಮತ್ತು ಜನರ ಭಾಗವಹಿಸುವಿಕೆ, ಪಕ್ಷಗಳು ಮತ್ತು ಚುನಾವಣೆ, ಕೊನೆಯಲ್ಲಿ ರಾಜಕೀಯ ಹಾಗೂ ಆರ್ಥಿಕ ಬದಲಾವಣೆ. ಮೇ ತಿಂಗಳಲ್ಲಿ ನಡೆಯುವ ಪರೀಕ್ಷೆಯಲ್ಲಿ ಒಂದು ಗಂಟೆಗೆ 55 ಬಹು ಆಯ್ಕೆಯ ಪ್ರಶ್ನೆಗಳು, ಒಂದೂವರೆ ಗಂಟೆಗೆ ನಾಲ್ಕು ಬರಹದ ಪ್ರಶ್ನೆಗಳು. ಎರಡು ಭಾಗಗಳಿಗೂ ಅರ್ಧರ್ಧ ಅಂಕ. 2025ರಿಂದ ಪರೀಕ್ಷೆ ಪೂರ್ತಿಯಾಗಿ ಕಾಲೇಜ್ ಬೋರ್ಡಿನ ಬ್ಲೂಬುಕ್ ಆ್ಯಪ್‌ನಲ್ಲೇ ನಡೆಯುತ್ತಿದೆ, ಆದ್ದರಿಂದ ಉತ್ತರವನ್ನು ಟೈಪ್ ಮಾಡುವ ಅಭ್ಯಾಸವೂ ಬೇಕು.

ಆ ನಾಲ್ಕು ಬರಹದ ಪ್ರಶ್ನೆಗಳ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಟ್ಯೂಟರ್ ಬೇಕಾಗುವುದು ಬಹುತೇಕ ಅಲ್ಲಿಯೇ. ಮೊದಲನೆಯದು ಒಂದು ಪರಿಕಲ್ಪನೆಯನ್ನು ವಿವರಿಸುವ ಪ್ರಶ್ನೆ, ಎರಡನೆಯದು ಕೋಷ್ಟಕ ಅಥವಾ ನಕ್ಷೆಯನ್ನು ಓದಿ ವಿಶ್ಲೇಷಿಸುವಂಥದ್ದು, ಮೂರನೆಯದು ಎರಡು ದೇಶಗಳ ಹೋಲಿಕೆ, ನಾಲ್ಕನೆಯದು ವಾದ ಮಂಡಿಸುವ ಪ್ರಬಂಧ. ಪ್ರಬಂಧಕ್ಕೆ ಸುಮಾರು 40 ನಿಮಿಷ ತೆಗೆದಿಟ್ಟುಕೊಳ್ಳಬೇಕೆಂಬುದು ಕಾಲೇಜ್ ಬೋರ್ಡಿನದೇ ಸಲಹೆ. ಅದರಲ್ಲಿರುವ ಐದು ಅಂಕಗಳಲ್ಲಿ ಸ್ಪಷ್ಟ ನಿಲುವಿಗೆ ಒಂದು, ಪುರಾವೆಗೆ ಎರಡು, ಪುರಾವೆ ನಿಲುವನ್ನು ಹೇಗೆ ಸಮರ್ಥಿಸುತ್ತದೆ ಎಂಬ ತರ್ಕಕ್ಕೆ ಒಂದು, ಎದುರು ವಾದಕ್ಕೆ ಉತ್ತರ ಕೊಡುವುದಕ್ಕೆ ಒಂದು. ಚೆಂದದ ಭಾಷೆಗೆ ಇಲ್ಲಿ ಬೇರೆ ಅಂಕವಿಲ್ಲ. ಇಂಗ್ಲಿಷ್ ತರಗತಿಯಲ್ಲಿ ಸದಾ ಎ ಪಡೆಯುವ ಮಕ್ಕಳು ಈ ಪ್ರಬಂಧದಲ್ಲಿ ಎರಡು ಅಂಕಕ್ಕೆ ನಿಂತುಬಿಡುವುದು ಇದೇ ಕಾರಣಕ್ಕೆ.

ಮೊದಲು ಕೊರತೆ ಎಲ್ಲಿದೆ ಎಂದು ತಿಳಿದುಕೊಳ್ಳಿ

ಕಾಲೇಜ್ ಬೋರ್ಡಿನ ಎಪಿ ಸೆಂಟ್ರಲ್ ಜಾಲತಾಣದಲ್ಲಿ ಹಿಂದಿನ ವರ್ಷಗಳ ಬರಹದ ಪ್ರಶ್ನೆಗಳು, ಅಂಕ ನೀಡುವ ಮಾರ್ಗಸೂಚಿ ಮತ್ತು ವಿದ್ಯಾರ್ಥಿಗಳು ನಿಜವಾಗಿ ಬರೆದ ಮಾದರಿ ಉತ್ತರಗಳು ಉಚಿತವಾಗಿ ಸಿಗುತ್ತವೆ. ಒಂದು ಶನಿವಾರ ಬೆಳಿಗ್ಗೆ ನಿಮ್ಮ ಮಗ ಅಥವಾ ಮಗಳು ಗಡಿಯಾರ ನೋಡಿಕೊಂಡು ಒಂದು ವರ್ಷದ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಪರಿಷ್ಕರಣೆಗೆ ಮುಂಚಿನ ಪ್ರಶ್ನೆಪತ್ರಿಕೆಗಳ ಮಾದರಿ ಬೇರೆಯಾದ್ದರಿಂದ 2021 ಅಥವಾ ಅದರ ನಂತರದ್ದನ್ನೇ ಆರಿಸಿಕೊಳ್ಳಿ. ಬರೆದಾದ ಮೇಲೆ ಮಾರ್ಗಸೂಚಿಯನ್ನು ಪಕ್ಕದಲ್ಲಿಟ್ಟು ನೋಡಿದರೆ, ರಾಜಕೀಯಶಾಸ್ತ್ರ ಓದದ ತಂದೆತಾಯಿಗಳಿಗೂ ಮುಖ್ಯವಾದ ಒಂದು ಸಂಗತಿ ಗೊತ್ತಾಗುತ್ತದೆ: ವಿಷಯ ಗೊತ್ತಿಲ್ಲದೆ ಅಂಕ ಹೋಯಿತೇ, ಗೊತ್ತಿದ್ದೂ ಕೇಳಿದ್ದಕ್ಕೆ ಉತ್ತರಿಸದೆ ಹೋಯಿತೇ? ಮೊದಲನೆಯದಾದರೆ ಶಾಲೆಯ ಪುಸ್ತಕ ಮತ್ತು ಕಾಲೇಜ್ ಬೋರ್ಡಿನ ಆನ್‌ಲೈನ್ ತಾಣವಾದ ಎಪಿ ಕ್ಲಾಸ್‌ರೂಮಿನ ವಿಡಿಯೋಗಳಿಂದಲೇ ಬಹಳಷ್ಟು ಸರಿಪಡಿಸಬಹುದು, ಅದಕ್ಕೆ ಗಂಟೆಗೆ ಇಷ್ಟು ಡಾಲರ್ ಎಂದು ತೆರಬೇಕಾಗಿಲ್ಲ. ಎರಡನೆಯದಾದರೆ ಟ್ಯೂಟರ್ ನಿಜಕ್ಕೂ ನೆರವಾಗುತ್ತಾರೆ.

ಎಲ್ಲಿ ಕೇಳಬೇಕು

ಮೊದಲು ಕೇಳಬೇಕಾದ್ದು ಶಾಲೆಯಲ್ಲಿಯೇ. ಕೋರ್ಸಿನ ಶಿಕ್ಷಕರು ವಾರದಲ್ಲಿ ಕೆಲವು ಹೊತ್ತನ್ನು ವಿದ್ಯಾರ್ಥಿಗಳಿಗಾಗಿ ತೆಗೆದಿಟ್ಟಿರುತ್ತಾರೆ. ಅದನ್ನು ಬಳಸಿಕೊಳ್ಳುವ ಮಕ್ಕಳು ಕಡಿಮೆ. ಮಗುವೇ ಹೋಗಿ, ತಾನು ಬರೆದ ಒಂದು ಉತ್ತರವನ್ನು ಮುಂದಿಟ್ಟು, ಇದರಲ್ಲಿ ಅಂಕ ಎಲ್ಲಿ ತಪ್ಪಿತು ಎಂದು ಕೇಳಿದರೆ ಬರುವ ಉತ್ತರವು ತಂದೆತಾಯಿಗಳು ಬರೆಯುವ ಉದ್ದನೆಯ ಇಮೇಲ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಿಂದಿನ ವರ್ಷ ಇದೇ ಪರೀಕ್ಷೆಯಲ್ಲಿ 5 (1ರಿಂದ 5ರವರೆಗಿನ ಎಪಿ ಶ್ರೇಣಿಯಲ್ಲಿ ಅತ್ಯುನ್ನತ) ಪಡೆದು ಈಗ ಹನ್ನೆರಡನೇ ತರಗತಿಯಲ್ಲೋ ಹತ್ತಿರದ ಕಾಲೇಜಿನಲ್ಲೋ ಓದುತ್ತಿರುವ ವಿದ್ಯಾರ್ಥಿಗಳು ಯಾರೆಂಬುದೂ ಆ ಶಿಕ್ಷಕರಿಗೆ ಗೊತ್ತಿರುತ್ತದೆ. ಅಂಥವರು ಕಡಿಮೆ ಹಣಕ್ಕೆ ಸಿಗುತ್ತಾರೆ, ಪರೀಕ್ಷೆಯ ನೆನಪೂ ಅವರಲ್ಲಿ ಹಸಿಯಾಗಿರುತ್ತದೆ. ಹಲವು ಶಾಲೆಗಳಲ್ಲಿ ನ್ಯಾಷನಲ್ ಆನರ್ ಸೊಸೈಟಿ ಎಂಬ ಪ್ರತಿಭಾವಂತರ ಸಂಘದ ವಿದ್ಯಾರ್ಥಿಗಳು ಉಚಿತವಾಗಿಯೇ ಹೇಳಿಕೊಡುತ್ತಾರೆ.

ಶಾಲೆಯ ಹೊರಗೆ ನೋಡುವುದಾದರೆ ನನ್ನ ಮೊದಲ ಆಯ್ಕೆ, ಪ್ರತಿ ಬೇಸಿಗೆಯಲ್ಲಿ ಎಪಿ ಉತ್ತರಪತ್ರಿಕೆಗಳ ಮೌಲ್ಯಮಾಪನದಲ್ಲಿ ಭಾಗವಹಿಸಿರುವ ಶಿಕ್ಷಕರು. ಇವರನ್ನು ಎಪಿ ರೀಡರ್ ಎನ್ನುತ್ತಾರೆ. ನಿವೃತ್ತರಾದ ರೀಡರ್ ಒಬ್ಬರು ಸಿಕ್ಕಿದರಂತೂ ಬೇರೆ ಕಡೆ ನೋಡುವ ಅಗತ್ಯವೇ ಇಲ್ಲ. ಅವರ ನಂತರ ಹತ್ತಿರದ ವಿಶ್ವವಿದ್ಯಾಲಯದ ರಾಜಕೀಯಶಾಸ್ತ್ರ ವಿಭಾಗದಲ್ಲಿ ತೌಲನಿಕ ರಾಜಕೀಯದ ಬಗ್ಗೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿಗಳು. ಇವರ ಜ್ಞಾನದ ಬಗ್ಗೆ ಸಂದೇಹವಿಲ್ಲ, ಆದರೆ ಇರಾನಿನ ಮೇಲೆ ಪ್ರಬಂಧ ಬರೆಯುತ್ತಿರುವವರು ಇರಾನನ್ನೇ ಮೂರು ವಾರ ಕಲಿಸಿ ನೈಜೀರಿಯಾವನ್ನು ಮರೆತುಬಿಡುವ ಅಪಾಯ ಉಂಟು. ಕಾಲೇಜ್ ಬೋರ್ಡಿನ ಕೋರ್ಸ್ ವಿವರಣೆಯ ಕಡತವನ್ನು ಮೊದಲ ದಿನವೇ ಅವರ ಕೈಗಿಡಬೇಕು. ದೊಡ್ಡ ಟ್ಯೂಟರಿಂಗ್ ಕಂಪನಿಗಳಲ್ಲಿ ಕೇಳುವಾಗ, ಕಲಿಸುವ ವ್ಯಕ್ತಿ ಯಾರೆಂದು ಗೊತ್ತಾಗುವ ಮುನ್ನ ಪ್ಯಾಕೇಜಿಗೆ ಹಣ ಕಟ್ಟಬೇಡಿ.

ಭಾರತದಿಂದ ಆನ್‌ಲೈನ್‌ನಲ್ಲಿ ಕಲಿಸುವವರ ವಿಚಾರವೂ ನಮ್ಮವರಲ್ಲಿ ಬಂದೇ ಬರುತ್ತದೆ. ಬೆಂಗಳೂರಿನಲ್ಲಿ ಯುಪಿಎಸ್‌ಸಿ ಮತ್ತು ಕೆಎಎಸ್ ಪರೀಕ್ಷೆಗಳಿಗೆ ರಾಜಕೀಯಶಾಸ್ತ್ರ ಕಲಿಸುವ ಸಮರ್ಥರು ಅನೇಕರಿದ್ದಾರೆ, ತೌಲನಿಕ ರಾಜಕೀಯ ಅವರಿಗೆ ಹೊಸದೇನೂ ಅಲ್ಲ. ಆದರೆ ಅಲ್ಲಿಯ ಉತ್ತರ ವಿಸ್ತಾರವಾಗಿ, ಹಲವು ಚಿಂತಕರ ಹೆಸರು ಹೇಳಿ, ಪೀಠಿಕೆ ಹಾಕಿ ಬೆಳೆಯುವಂಥದ್ದು. ಇಲ್ಲಿಯದು ಕೇಳಿದಷ್ಟಕ್ಕೆ ನಾಲ್ಕು ಸಾಲಿನಲ್ಲಿ ನೇರವಾಗಿ ಹೇಳುವಂಥದ್ದು. ಈ ವ್ಯತ್ಯಾಸವನ್ನು ಒಪ್ಪಿಕೊಂಡು ಎಪಿ ಮಾರ್ಗಸೂಚಿಯನ್ನು ಓದಿ ಬರುವವರಾದರೆ ಅವರೂ ಒಳ್ಳೆಯ ಟ್ಯೂಟರ್ ಆಗಬಲ್ಲರು. ಸಮಯದ ಲೆಕ್ಕವನ್ನು ಮಾತ್ರ ಮೊದಲೇ ಮಾತಾಡಿಕೊಳ್ಳಿ: ಕ್ಯಾಲಿಫೋರ್ನಿಯಾದ ಸಂಜೆ ಏಳು ಗಂಟೆ ಬೇಸಿಗೆಯಲ್ಲಿ ಬೆಂಗಳೂರಿನ ಮಾರನೆಯ ಬೆಳಿಗ್ಗೆ ಏಳೂವರೆ, ನವೆಂಬರಿನಲ್ಲಿ ಇಲ್ಲಿ ಗಡಿಯಾರ ಹಿಂದಕ್ಕೆ ತಿರುಗಿದ ಮೇಲೆ ಎಂಟೂವರೆ. ಅಲ್ಲಿ ಕಾಲೇಜಿಗೆ ಹೊರಡುವ ಅಧ್ಯಾಪಕರಿಗೆ ಆ ಒಂದು ಗಂಟೆ ದೊಡ್ಡದು.

ಮಾತುಕತೆಯಲ್ಲಿ ಏನು ಕೇಳಬೇಕು

ಪದವಿ, ಅನುಭವ, ಹಿಂದಿನ ವಿದ್ಯಾರ್ಥಿಗಳ ಫಲಿತಾಂಶ ಇವನ್ನು ಎಲ್ಲರೂ ಕೇಳುತ್ತಾರೆ, ಕೇಳಬೇಕು ಕೂಡ. ಅದರ ಜೊತೆಗೆ ಪಠ್ಯಕ್ಕೇ ಸಂಬಂಧಿಸಿದ ಎರಡು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದರೆ ಅವರ ತಯಾರಿ ಬೇಗ ತಿಳಿಯುತ್ತದೆ. ಉದಾಹರಣೆಗೆ ಮೆಕ್ಸಿಕೊದ ನ್ಯಾಯಾಧೀಶರು ಹೇಗೆ ಆಯ್ಕೆಯಾಗುತ್ತಾರೆ ಎಂದು ಕೇಳಿ. ಹಳೆಯ ಟಿಪ್ಪಣಿಗಳನ್ನೇ ಓದಿಸುವವರು ಸುಪ್ರೀಂ ಕೋರ್ಟಿಗೆ ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸೆನೆಟ್ ಒಪ್ಪುತ್ತದೆ ಎಂದಷ್ಟೇ ಹೇಳುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಸಂವಿಧಾನ ತಿದ್ದುಪಡಿಯಾಗಿ, 2025ರ ಜೂನ್ 1ರಂದು ಜನರೇ ಮತ ಹಾಕಿ ನ್ಯಾಯಾಧೀಶರನ್ನು ಆರಿಸಿದರು. ಇದನ್ನು ಹೇಳುವುದಲ್ಲದೆ, ಪರೀಕ್ಷೆಯ ಉತ್ತರದಲ್ಲಿ ಇಂಥ ಹೊಸ ಬದಲಾವಣೆಯನ್ನು ಹೇಗೆ ಬರೆಯಬೇಕೆಂದೂ ವಿವರಿಸುವವರು ಸುದ್ದಿ ಓದುತ್ತಾರೆ, ಪಠ್ಯವನ್ನೂ ಗಮನಿಸುತ್ತಾರೆ ಎಂದು ನಂಬಬಹುದು. ಹಾಗೆಯೇ ಸರ್ಕಾರ ಬದಲಾಗುವುದಕ್ಕೂ ಆಡಳಿತ ವ್ಯವಸ್ಥೆಯೇ ಬದಲಾಗುವುದಕ್ಕೂ ಇರುವ ವ್ಯತ್ಯಾಸವನ್ನು ಹದಿನಾರರ ಹುಡುಗನಿಗೆ ಹೇಗೆ ಹೇಳುತ್ತೀರಿ ಎಂದು ಕೇಳಿ. 2024ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂದದ್ದನ್ನೂ 1979ರಲ್ಲಿ ಇರಾನಿನಲ್ಲಿ ಆದ ಕ್ರಾಂತಿಯನ್ನೂ ಪಕ್ಕಪಕ್ಕ ಇಟ್ಟು ಎರಡು ನಿಮಿಷದಲ್ಲಿ ಮುಗಿಸುವವರು ಕಲಿಸಬಲ್ಲವರು.

ಖಚಿತವಾಗಿ 5 ಬರುತ್ತದೆ ಎಂದು ಭರವಸೆ ಕೊಡುವವರಿಂದ ದೂರವಿರಿ. ಪ್ರತಿ ಮಾತಿನಲ್ಲೂ ಚೀನಾವನ್ನೋ ರಷ್ಯಾವನ್ನೋ ಬೈಯುವ, ಅಥವಾ ಹೊಗಳುವ, ಟ್ಯೂಟರ್ ಕೂಡ ಈ ಕೋರ್ಸಿಗೆ ಒಗ್ಗುವುದಿಲ್ಲ. ಪರೀಕ್ಷಕರು ಹುಡುಕುವುದು ಪುರಾವೆಯನ್ನು, ಅಭಿಪ್ರಾಯದ ಕಾವನ್ನಲ್ಲ.

ಪ್ರಾಯೋಗಿಕ ತರಗತಿಯಲ್ಲಿ ನೋಡಬೇಕಾದದ್ದು

ಟ್ಯೂಟರನ್ನು ಆರಿಸಬೇಕಾದದ್ದು ಅವರು ಪಾಠ ಹೇಳುವ ಬಗೆಯಿಂದಲ್ಲ, ವಿದ್ಯಾರ್ಥಿಯ ಉತ್ತರವನ್ನು ಓದುವ ಬಗೆಯಿಂದ. ಆದ್ದರಿಂದ ಮೊದಲ ತರಗತಿಯಲ್ಲಿ ಹೊಸ ಪಾಠ ಬೇಡ ಎಂದು ಮೊದಲೇ ತಿಳಿಸಿ, ಶನಿವಾರ ಬರೆದಿಟ್ಟ ಉತ್ತರಗಳಲ್ಲಿ ಒಂದನ್ನು ಕಳುಹಿಸಿ, ಆ ಒಂದು ಗಂಟೆ ಅದರ ಬಗ್ಗೆಯೇ ಮಾತಾಡಲು ಹೇಳಿ. ಇರಾನಿನ ಚುನಾವಣೆಗಳು ಆಡಳಿತದ ಮಾನ್ಯತೆಯನ್ನು (ಅಂದರೆ ಅದರ ಆಳುವ ಹಕ್ಕನ್ನು ಜನ ಒಪ್ಪುವುದನ್ನು) ಹೇಗೆ ಪ್ರಭಾವಿಸುತ್ತವೆ ಎಂಬ ಪ್ರಶ್ನೆಗೆ ನಿಮ್ಮ ಮಗಳು, ‘ಇರಾನಿನಲ್ಲಿ ಚುನಾವಣೆ ನಡೆಯುತ್ತದೆ, ಆದರೆ ಅದು ನಿಜವಾದ ಪ್ರಜಾಪ್ರಭುತ್ವವಲ್ಲ, ಹಾಗಾಗಿ ಜನರಿಗೆ ನಂಬಿಕೆ ಇಲ್ಲ’ ಎಂದು ಬರೆದಿದ್ದಾಳೆ ಎಂದುಕೊಳ್ಳಿ. ಸಾಧಾರಣ ಟ್ಯೂಟರ್ ಚೆನ್ನಾಗಿದೆ, ಇನ್ನೂ ಸ್ವಲ್ಪ ವಿಸ್ತರಿಸು ಎಂದು ಹೇಳಿ, ಇರಾನಿನ ಕ್ರಾಂತಿಯ ಇತಿಹಾಸವನ್ನು ತೆರೆದು ಕೂರುತ್ತಾರೆ. ಒಳ್ಳೆಯ ಟ್ಯೂಟರ್ ಅಲ್ಲಿಯೇ ನಿಲ್ಲಿಸಿ, ನಿಜವಾದದ್ದಲ್ಲ ಎಂದು ಯಾವ ಆಧಾರದ ಮೇಲೆ ಹೇಳಿದೆ, ಅಭ್ಯರ್ಥಿಗಳನ್ನು ಯಾರು ತಡೆಯುತ್ತಾರೆ ಎಂದು ಕೇಳುತ್ತಾರೆ. ಮಗಳು ಗಾರ್ಡಿಯನ್ ಕೌನ್ಸಿಲ್ ಎಂದರೆ, ಅದರಲ್ಲಿ ಎಷ್ಟು ಜನ, ಅವರನ್ನು ಯಾರು ನೇಮಿಸುತ್ತಾರೆ ಎಂದು ಮುಂದಿನ ಪ್ರಶ್ನೆ. ಹನ್ನೆರಡು ಜನ, ಅವರಲ್ಲಿ ಆರು ಧಾರ್ಮಿಕ ವಿದ್ವಾಂಸರನ್ನು ಸರ್ವೋಚ್ಚ ನಾಯಕರೇ ನೇಮಿಸುತ್ತಾರೆ ಎಂಬಲ್ಲಿಗೆ ಬಂದಾಗ, ಹಾಗಾದರೆ ಮತದಾರನ ಮುಂದೆ ಉಳಿಯುವ ಆಯ್ಕೆ ಎಂಥದ್ದು, ಅದರಿಂದ ಮತದಾನಕ್ಕೆ ಬರುವವರ ಸಂಖ್ಯೆಯ ಮೇಲೆ ಏನಾಗಬಹುದು, ಅದು ಮಾನ್ಯತೆಗೆ ಹೇಗೆ ತಗಲುತ್ತದೆ ಎಂದು ಕೊಂಡಿ ಕೊಂಡಿಯಾಗಿ ಜೋಡಿಸಲು ಬಿಡುತ್ತಾರೆ. ಗಂಟೆ ಮುಗಿಯುವಷ್ಟರಲ್ಲಿ ಮೂರು ಸಾಲಿನ ಉತ್ತರ ಐದು ಸಾಲಾಗಿರುತ್ತದೆ, ಆ ಐದನ್ನೂ ಬರೆದವಳು ಮಗಳೇ ಆಗಿರುತ್ತಾಳೆ. ಟ್ಯೂಟರೇ ಉತ್ತರ ಬರೆದುಕೊಟ್ಟರೆ ಆ ತರಗತಿಯಿಂದ ಏನೂ ಬರಲಿಲ್ಲ ಎಂದೇ ತಿಳಿಯಿರಿ.

ಕೋಷ್ಟಕದ ಪ್ರಶ್ನೆಯಲ್ಲೂ ಒಮ್ಮೆ ಪರೀಕ್ಷಿಸಿ ನೋಡಬಹುದು. ಮಾನವ ಅಭಿವೃದ್ಧಿ ಸೂಚ್ಯಂಕ, ಗಿನಿ ಸೂಚ್ಯಂಕ, ದೇಶಗಳಲ್ಲಿನ ಸ್ವಾತಂತ್ರ್ಯವನ್ನು ಅಳೆಯುವ ಫ್ರೀಡಂ ಹೌಸ್ ಅಂಕ, ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ ಭ್ರಷ್ಟಾಚಾರ ಸೂಚ್ಯಂಕ ಇವೆಲ್ಲ ಪಠ್ಯದಲ್ಲಿ ಬರುತ್ತವೆ. ಭ್ರಷ್ಟಾಚಾರ ಸೂಚ್ಯಂಕದಲ್ಲಿ ಹೆಚ್ಚು ಅಂಕ ಎಂದರೆ ಕಡಿಮೆ ಭ್ರಷ್ಟಾಚಾರ, ಗಿನಿಯಲ್ಲಿ ಹೆಚ್ಚು ಎಂದರೆ ಹೆಚ್ಚು ಅಸಮಾನತೆ. ಮಕ್ಕಳು ಇದನ್ನು ಅದಲುಬದಲು ಮಾಡುತ್ತಾರೆ ಎಂಬುದು ಅನುಭವಿ ಟ್ಯೂಟರಿಗೆ ನೀವು ಹೇಳದೆಯೇ ಗೊತ್ತಿರಬೇಕು.

ಮನೆಯ ಹಿರಿಯರು ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ಸಂಸದೀಯ ಪದ್ಧತಿ ಎಂದೊಡನೆ ಲೋಕಸಭೆಯ ಉದಾಹರಣೆ ಕೊಟ್ಟು ವಿವರಿಸುವುದು ನಮಗೆ ಸುಲಭ, ಅರ್ಥ ಮಾಡಿಸುವುದಕ್ಕೆ ಅದು ಒಳ್ಳೆಯದೂ ಹೌದು. ಆದರೆ ವಾದದ ಪ್ರಬಂಧದಲ್ಲಿ ಪುರಾವೆ ಕೋರ್ಸಿನ ಆರು ದೇಶಗಳಿಂದಲೇ ಬರಬೇಕು. ಭಾರತದ ಬಗ್ಗೆ ಎಷ್ಟೇ ಸೊಗಸಾಗಿ ಬರೆದರೂ ಆ ಎರಡು ಅಂಕ ಸಿಗುವುದಿಲ್ಲ. ಲೋಕಸಭೆಯಿಂದ ಆರಂಭಿಸಿದರೂ ಮಾತು ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ಗೆ ಬಂದು ಮುಗಿಯಲಿ; 650 ಸ್ಥಾನಗಳ ಆ ಸದನದಲ್ಲಿ 2024ರಲ್ಲಿ ಮೂರನೇ ಒಂದು ಭಾಗದಷ್ಟು ಮತ ಪಡೆದ ಪಕ್ಷಕ್ಕೆ 400ಕ್ಕೂ ಹೆಚ್ಚು ಸ್ಥಾನ ಸಿಕ್ಕಿದ್ದು ಹೇಗೆ ಎಂಬುದನ್ನು, ನಮ್ಮಲ್ಲಿಯೂ ಅದೇ ಬಗೆಯ ಚುನಾವಣೆ ಇರುವುದರಿಂದ, ನಮ್ಮ ಮಕ್ಕಳಿಗೆ ಮನೆಯಲ್ಲೇ ಚೆನ್ನಾಗಿ ಹೇಳಿಕೊಡಬಹುದು.

ವೇಳಾಪಟ್ಟಿ ಮತ್ತು ಹಣ

ಕೆಲವು ಶಾಲೆಗಳು ಈ ಕೋರ್ಸನ್ನು ಒಂದೇ ಸೆಮಿಸ್ಟರಿನಲ್ಲಿ ಮುಗಿಸುತ್ತವೆ. ಪಾಠ ಡಿಸೆಂಬರಿನಲ್ಲೇ ಮುಗಿದು ಪರೀಕ್ಷೆ ಮೇ ತಿಂಗಳಲ್ಲಿದ್ದರೆ ನಡುವಿನ ತಿಂಗಳುಗಳಲ್ಲಿ ಓದಿದ್ದೆಲ್ಲ ಜಾರಿಹೋಗುತ್ತದೆ. ಅಂಥವರಿಗೆ ಎರಡು ವಾರಕ್ಕೊಂದು ತರಗತಿಯಂತೆ ಜನವರಿಯಿಂದಲೇ ಗೊತ್ತುಮಾಡಿಕೊಳ್ಳುವುದು ಒಳಿತು. ವರ್ಷವಿಡೀ ಪಾಠವಿದ್ದರೆ ಫೆಬ್ರವರಿಯಿಂದ ವಾರಕ್ಕೊಂದು ಗಂಟೆ ಸಾಕು. ಏಪ್ರಿಲ್‌ನಲ್ಲಿ ಆರಂಭಿಸುವವರು ಎಲ್ಲವನ್ನೂ ಮತ್ತೆ ಓದಿಸುವ ಆಸೆ ಬಿಟ್ಟು, ಬರಹದ ಪ್ರಶ್ನೆಗಳನ್ನಷ್ಟೇ ಅಭ್ಯಾಸ ಮಾಡಿಸಬೇಕು. ಶಾಲೆಯಲ್ಲಿ ಕೋರ್ಸೇ ಇಲ್ಲದೆ ಸ್ವಂತವಾಗಿ ಓದುವ ಮಕ್ಕಳು ಟ್ಯೂಟರಿಗಿಂತ ಮೊದಲು, ಶಾಲೆ ತೆರೆದ ಕೂಡಲೇ, ಪರೀಕ್ಷೆ ಬರೆಯಲು ಅವಕಾಶ ಕೊಡುವ ಶಾಲೆಯ ಎಪಿ ಸಂಯೋಜಕರನ್ನು ಹುಡುಕಿಕೊಳ್ಳಬೇಕು, ಏಕೆಂದರೆ ನೋಂದಣಿ ನವೆಂಬರಿನಲ್ಲಿಯೇ ಮುಗಿಯುತ್ತದೆ.

ಹಣವನ್ನು ತಿಂಗಳಿಗೊಮ್ಮೆ ಕೊಡುವ ಏರ್ಪಾಡು ಮಾಡಿಕೊಳ್ಳಿ. ತರಗತಿ ಆನ್‌ಲೈನ್‌ನಲ್ಲಾದರೂ ಮಗು ಕೋಣೆಯ ಬಾಗಿಲು ಹಾಕಿಕೊಳ್ಳದೆ ಮನೆಯವರು ಓಡಾಡುವ ಜಾಗದಲ್ಲಿ ಕೂರಲಿ, ಟ್ಯೂಟರ್ ಕಳುಹಿಸುವ ಸಂದೇಶಗಳ ಪ್ರತಿ ನಿಮಗೂ ಬರಲಿ. ಒಳ್ಳೆಯ ಟ್ಯೂಟರ್ ಇದಕ್ಕೆ ಬೇಸರಪಡುವುದಿಲ್ಲ.

ತರಗತಿಗಳನ್ನು ಯಾವಾಗ ನಿಲ್ಲಿಸಬೇಕೆಂಬುದಕ್ಕೂ ಒಂದು ಅಳತೆ ಇದೆ. ಐದಾರು ವಾರಗಳ ನಂತರ ವಿದ್ಯಾರ್ಥಿ ಒಂದು ಹೊಸ ಉತ್ತರ ಬರೆದು, ಮಾರ್ಗಸೂಚಿ ನೋಡಿ ತಾನೇ ಅಂಕ ಹಾಕಿಕೊಂಡು, ಅದನ್ನು ಹೇಳದೆ ಟ್ಯೂಟರಿಗೆ ಕಳುಹಿಸಲಿ. ಇಬ್ಬರ ಅಂಕಗಳ ನಡುವೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತಿದ್ದರೆ ತರಗತಿ ಮುಂದುವರಿಸಿ. ಎರಡು ಮೂರು ಸಲ ಅಂಕಗಳು ಹೊಂದಿಬಂದರೆ ವಾರದ ತರಗತಿಯನ್ನು ತಿಂಗಳಿಗೊಂದಕ್ಕೆ ಇಳಿಸಬಹುದು.