ಹಾವು, ಕೋತಿ, ಹೆಜ್ಜೇನು ಮನೆ ಹತ್ತಿರ ಬಂದರೆ: ಬಡಾವಣೆಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಬೆಂಗಳೂರಿನ ಬನಶಂಕರಿ 6ನೇ ಹಂತ, ಕನಕಪುರ ರಸ್ತೆ, ತುರಹಳ್ಳಿ ಕಾಡಿನ ಅಂಚು. ಈ ಕಡೆ ಮನೆ ಮಾಡುವ ಕುಟುಂಬಗಳು ಮೊದಲು ಕೇಳುವುದು ನೀರು, ಬಸ್ಸು, ಶಾಲೆ ಸೀಟು. ಹಾವಿನ ಬಗ್ಗೆ ಯಾರೂ ಕೇಳುವುದಿಲ್ಲ. ಇಷ್ಟು ದೊಡ್ಡ ಊರಲ್ಲಿ ಹಾವು ಎಲ್ಲಿಂದ ಬರಬೇಕು ಅಂತ ಸಂಘದ ನಾವೆಲ್ಲರೂ ಅಂದುಕೊಂಡೇ ಬಂದವರು. ಬಂದ ಮೊದಲ ಮಳೆಗಾಲದಲ್ಲೇ ಗೊತ್ತಾಯಿತು.

ಈ ಸೈಟುಗಳು ಮೊನ್ನೆ ಮೊನ್ನೆವರೆಗೂ ರಾಗಿ ಹೊಲ, ತೋಟ, ಕೆರೆ ಅಂಚು ಆಗಿದ್ದವು. ನಗರದ ದಕ್ಷಿಣಕ್ಕೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಇದೆ, 1974ರಿಂದ. ಪ್ರಾಣಿಗಳು ನಮಗಿಂತ ಮೊದಲೇ ಇಲ್ಲಿದ್ದವು. ಆದ್ದರಿಂದ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಸರಿಯಾಗಿ ತಿಳಿದುಕೊಂಡಿರುವುದು ಮುಖ್ಯ.

ಮುಂದೆ ಓದುವ ಮೊದಲು ಈ ನಂಬರುಗಳನ್ನು ಮನೆಯವರೆಲ್ಲರ ಫೋನಿನಲ್ಲೂ ಹಾಕಿಕೊಳ್ಳಿ. ಅಜ್ಜಿಯ ಫೋನಿನಲ್ಲೂ.

- 1533: ನಗರ ಪಾಲಿಕೆಯ ಸಹಾಯವಾಣಿ. (2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಬದಲು ಐದು ಪಾಲಿಕೆಗಳಾಗಿವೆ. ಜನ ಇನ್ನೂ ಬಿಬಿಎಂಪಿ ಅಂತಲೇ ಹೇಳುತ್ತಾರೆ.)
- 1926: ಅರಣ್ಯ ಇಲಾಖೆ ಸಹಾಯವಾಣಿ
- 108: ಆಂಬುಲೆನ್ಸ್
- 112: ಪೊಲೀಸ್, ತುರ್ತು

ಫೋನ್ ಮಾಡಿದಾಗ ಕನ್ನಡದಲ್ಲೇ ಮಾತಾಡಿ. ಯಾವ ಪ್ರಾಣಿ, ಮನೆ ಒಳಗೋ ಹೊರಗೋ, ಹತ್ತಿರದ ದೇವಸ್ಥಾನವೋ ಬಸ್ ಸ್ಟಾಪೋ ಯಾವುದು, ಇಷ್ಟು ಹೇಳಿ. ಕ್ರಾಸು, ಮೇನು ಅಂತ ಬರೀ ನಂಬರ್ ಹೇಳಿದರೆ ನಮ್ಮ ಬಡಾವಣೆಯಲ್ಲಿ ಯಾರಿಗೂ ಮನೆ ಸಿಗುವುದಿಲ್ಲ.

ಹಾವು

ಇದನ್ನು ಉದ್ದವಾಗಿ ಬರೆಯುತ್ತಿದ್ದೇವೆ. ದಯವಿಟ್ಟು ಪೂರ್ತಿ ಓದಿ.

ಇಲ್ಲಿ ಜಾಸ್ತಿ ಕಾಣುವುದು ಕೇರೆ ಹಾವು. ಉದ್ದ ಇರುತ್ತದೆ, ಸರಸರ ಓಡುತ್ತದೆ, ವಿಷ ಇಲ್ಲ. ಇಲಿ ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ಇದನ್ನೇ ನಾಗರಹಾವು ಅಂದುಕೊಂಡು ಹೊಡೆದು ಕೊಂದವರು ಪ್ರತಿ ವರ್ಷ ಇರುತ್ತಾರೆ. ಕೆರೆ, ಮೋರಿ ಹತ್ತಿರ ನೀರುಹಾವು ಬರುತ್ತದೆ. ಅದಕ್ಕೂ ವಿಷ ಇಲ್ಲ, ಆದರೆ ಸಿಟ್ಟು ಜಾಸ್ತಿ, ಮುಟ್ಟಲು ಹೋದರೆ ಕಚ್ಚುತ್ತದೆ.

ಹೆದರಬೇಕಾದವು ಮೂರು. ನಾಗರಹಾವು ನಿಮಗೆ ಗೊತ್ತು. ಕೊಳಕುಮಂಡಲ ದಪ್ಪ ಮೈಯದು, ಬೆನ್ನ ಮೇಲೆ ಸರಪಳಿಯಂಥ ಕಂದು ಮಚ್ಚೆ. ತರಗೆಲೆ ರಾಶಿಯಲ್ಲಿ ಅಲುಗಾಡದೆ ಬಿದ್ದಿರುತ್ತದೆ. ಹತ್ತಿರ ಹೋದರೆ ಜೋರಾಗಿ ಬುಸುಗುಟ್ಟುತ್ತದೆ. ಹೆಬ್ಬಾವಿನ ಮರಿ ಅಂತ ಕೈಯಲ್ಲಿ ಹಿಡಿಯಲು ಹೋದವರಿದ್ದಾರೆ. ಮೂರನೆಯದು ಕಟ್ಟುಹಾವು. ಕಪ್ಪು ಮೈ, ತೆಳ್ಳನೆ ಬಿಳಿ ಪಟ್ಟೆ, ರಾತ್ರಿ ಮಾತ್ರ ಓಡಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚಾಗಿ ಇದೇ. ಎಷ್ಟೋ ಸಲ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಿಗ್ಗೆ ಎದ್ದಾಗ ಹೊಟ್ಟೆನೋವು, ರೆಪ್ಪೆ ಎತ್ತಲು ಆಗದಿರುವುದು, ಮಾತು ತೊದಲುವುದು ಕಂಡರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿಸಿ ಕೂರಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಚಾಪೆ ಹಾಸಿ ಹಾಲಿನಲ್ಲಿ, ವರಾಂಡದಲ್ಲಿ ಮಲಗುವ ಅಭ್ಯಾಸ ಎಲ್ಲರಿಗೂ ಇದೆ, ಅಲ್ವಾ? ಇಲ್ಲಿ ನೆಲಮನೆಯಲ್ಲಿರುವವರು ಮಂಚದ ಮೇಲೆ ಮಲಗಿ. ನೆಲದಲ್ಲೇ ಮಲಗುವುದಾದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆ ಕೆಳಗೆ ಸೇರಿಸಿ.

ಕಟ್ಟುಹಾವನ್ನೇ ಹೋಲುವ ತೋಳಹಾವು ಅಂತ ಒಂದಿದೆ, ವಿಷ ಇಲ್ಲ, ಗೋಡೆ ಹತ್ತುತ್ತದೆ. ಎರಡಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ನಿಮ್ಮ ಕೆಲಸ ಅಲ್ಲ. ದೂರ ನಿಲ್ಲಿ.

ಹಾವು ಕಂಡಾಗ ಏನು ಮಾಡಬೇಕು. ಅಂಗಳದಲ್ಲಿದ್ದರೆ ಮಕ್ಕಳನ್ನು, ನಾಯಿಯನ್ನು ಒಳಗೆ ಕಳಿಸಿ. ಏಳೆಂಟು ಅಡಿ ದೂರ ನಿಂತು ಅದು ಎಲ್ಲಿ ಹೋಗುತ್ತದೆ ಅಂತ ಮಾತ್ರ ನೋಡಿ. ಸುಮ್ನೆ ಬಿಟ್ಟರೆ ಮುಕ್ಕಾಲು ಪಾಲು ತಾನೇ ಹೊರಟುಹೋಗುತ್ತದೆ. ಮನೆ ಒಳಗೆ ಬಂದಿದ್ದರೆ ಆ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಫೋನ್ ಮಾಡಿ. ಹಿಡಿಯುವವರು ಬರುವವರೆಗೆ ಹಾವು ಎಲ್ಲಿದೆ ಅಂತ ಒಬ್ಬರು ದೂರದಿಂದ ಕಣ್ಣಿಟ್ಟಿರಲಿ. ಅವರು ಬಂದ ಮೇಲೆ ಫೋಟೋ, ಸೆಲ್ಫಿ, ಮಕ್ಕಳ ಕೈಗೆ ಮುಟ್ಟಿಸುವುದು ಯಾವುದೂ ಬೇಡ. ಹಾವನ್ನು ಎತ್ತಿ ಆಟ ತೋರಿಸುವವನನ್ನು ಇನ್ನೊಮ್ಮೆ ಕರೆಯಬೇಡಿ.

ಕೋಲು ತಗೊಂಡು ಹೋಗಬೇಡಿ. ಹಾವು ಕಡಿತಗಳಲ್ಲಿ ಒಂದು ಪಾಲು ಆಗುವುದೇ ಹೊಡೆಯಲು ಹೋದಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಾಗರಹಾವು, ಕೇರೆ ಹಾವು ಕೊಂದರೆ ದಂಡವೂ ಇದೆ, ಜೈಲೂ ಇದೆ. ನಾಗಪ್ಪನಿಗೆ ಕಲ್ಲು ನಿಲ್ಲಿಸಿ ಪೂಜೆ ಮಾಡುವ ಜನ ನಾವು. ಪಂಚಮಿ ದಿನ ಹಾಲೆರೆದು ಮಾರನೇ ವಾರ ದೊಣ್ಣೆ ಎತ್ತುವುದು ನಮಗೆ ಶೋಭೆಯಲ್ಲ. ಪಂಚಮಿಗೆ ಹಾವಾಡಿಗರು ಬುಟ್ಟಿ ತಂದರೆ ದುಡ್ಡು ಕೊಡಬೇಡಿ. ಹಲ್ಲು ಕಿತ್ತು, ದಿನಗಟ್ಟಲೆ ನೀರಿಲ್ಲದೆ ಇಟ್ಟ ಹಾವು ಅದು. ಹಾಲು ಹಾವಿನ ಆಹಾರವೇ ಅಲ್ಲ, ಬಾಯಾರಿ ಕುಡಿಯುತ್ತದೆ ಅಷ್ಟೇ.

ಮನೆ ಸುತ್ತ ಫಿನಾಯಿಲ್, ಬೆಳ್ಳುಳ್ಳಿ ನೀರು, ಗಂಧಕ, ಆಸಿಡ್ ಹಾಕುವುದರಿಂದ ಹಾವು ನಿಲ್ಲುವುದಿಲ್ಲ. ನಿಲ್ಲುವುದು ಇವುಗಳಿಂದ:

- ಬಾಗಿಲ ಕೆಳಗೆ ಸಂದಿ ಇಲ್ಲದಂತೆ ಪಟ್ಟಿ ಹೊಡೆಸಿ
- ಬಚ್ಚಲು ಮತ್ತು ಮಳೆನೀರಿನ ಪೈಪ್ ಬಾಯಿಗೆ ಜಾಲರಿ
- ಮನೆ ಕಟ್ಟಿ ಉಳಿದ ಇಟ್ಟಿಗೆ, ಮರಳು, ಹೆಂಚು ಖಾಲಿ ಮಾಡಿಸಿ
- ತೆಂಗಿನ ಗರಿ, ಚಿಪ್ಪು, ಸೌದೆ ರಾಶಿ ಹಾಕಬೇಡಿ (ಹಂಡೆ ಒಲೆಗೆ ಅಂತ ಗೋಡೆ ಪಕ್ಕ ಪೇರಿಸುವ ಅಭ್ಯಾಸ ಊರಿನದು, ಇಲ್ಲಿ ಬಿಡಿ)
- ಹೊರಗಿನ ಚಪ್ಪಲಿ ಸ್ಟ್ಯಾಂಡಿನ ಶೂ, ಸ್ಕೂಟರಿನ ಮೇಲಿನ ಹೆಲ್ಮೆಟ್ ಒದರಿ ಹಾಕಿಕೊಳ್ಳಿ
- ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಮೋಟರ್ ಹಾಕಲು, ಸಂಪು ನೋಡಲು ಹೋಗಬೇಡಿ

ಎಲ್ಲಕ್ಕಿಂತ ಮೊದಲು ಇಲಿ ಕಡಿಮೆ ಮಾಡಿ. ಇಲಿ ಇದ್ದಲ್ಲಿ ಹಾವು ಬಂದೇ ಬರುತ್ತದೆ. ಕಾಗೆಗೆ ಅನ್ನ ಇಡಬೇಡಿ ಅಂತ ನಾವು ಹೇಳುವುದಿಲ್ಲ. ಕಾಗೆ ತಿಂದ ಮೇಲೆ ಉಳಿದದ್ದನ್ನು ಎತ್ತಿಬಿಡಿ. ರಾತ್ರಿಯ ಮುಸುರೆ ಗಿಡದ ಬುಡಕ್ಕೆ ಚೆಲ್ಲಬೇಡಿ. ಹಸಿ ಕಸದ ಹಸಿರು ಬುಟ್ಟಿಗೆ ಮುಚ್ಚಳ ಇರಲಿ.

ಹಾವು ಕಚ್ಚಿದರೆ

ನಮ್ಮ ಸಂಘದ ಒಂದು ಮನೆಯ ಹುಡುಗನಿಗೆ ಹಿತ್ತಲಲ್ಲಿ ಕೊಳಕುಮಂಡಲ ಕಚ್ಚಿತು. ಮನೆಯವರು ಬೇಗನೆ ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದರು. ಅಲ್ಲಿ ಟಿಟಿ ಇಂಜೆಕ್ಷನ್ ಕೊಟ್ಟು, ನೋಡೋಣ ಅಂತ ಕೂರಿಸಿದರು. ವಿಷಕ್ಕೆ ಕೊಡುವ ಔಷಧಿ ತಮ್ಮಲ್ಲಿ ಇಲ್ಲ ಅಂತ ಹೇಳಿದ್ದು ಕಾಲು ಊದಿ ವಸಡಿನಲ್ಲಿ ರಕ್ತ ಬಂದ ಮೇಲೆ. ಹುಡುಗ ಉಳಿದ, ಆದರೆ ಎಷ್ಟು ದಿನ ಡಯಾಲಿಸಿಸ್, ಎಷ್ಟು ಖರ್ಚು, ಆ ತಾಯಿ ಎಷ್ಟು ಅತ್ತರು! ಆ ಸಂಕಟ ಇನ್ನೊಂದು ಮನೆಗೆ ಬರಬಾರದು ಅಂತಲೇ ಇಷ್ಟು ಬರೆಯುತ್ತಿರುವುದು.

ಕಚ್ಚಿದವರನ್ನು ಕೂರಿಸಿ, ಧೈರ್ಯ ಹೇಳಿ. ನಡೆಸಬೇಡಿ, ಓಡಿಸಬೇಡಿ. ಬಳೆ, ಉಂಗುರ, ಕಾಲುಂಗುರ, ವಾಚು ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕೈಗೋ ಕಾಲಿಗೋ ಪಟ್ಟಿ ಇಟ್ಟು ಅಲುಗಾಡದಂತೆ ಮಾಡಿ. ಕಚ್ಚಿದ ಹೊತ್ತು ನೆನಪಿಟ್ಟುಕೊಳ್ಳಿ. ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು, ವಿಷದ ಕಲ್ಲು ಹಚ್ಚುವುದು ಯಾವುದನ್ನೂ ಮಾಡಬೇಡಿ. ಊರಲ್ಲಿ ಮಂತ್ರ ಹಾಕುವವರು, ನಾಟಿ ಔಷಧಿ ಕೊಡುವವರು ಇದ್ದಾರೆ, ಅವರ ಮೇಲೆ ನಿಮಗೆ ಗೌರವ ಇರಬಹುದು. ವಿಷಯ ಜೀವದ್ದು. ಅವರಿಗೆ ಫೋನ್ ಮಾಡಿ ಕೂತರೆ ಹೊತ್ತು ಹೋಗುತ್ತದೆ. ಹಾವನ್ನು ಕೊಂದು ಕವರಿನಲ್ಲಿ ತರುವುದೂ ಬೇಡ. ಮೇಲೆ ಹೇಳಿದ ನಾಗರ, ಕಟ್ಟು, ಕೊಳಕುಮಂಡಲ, ಜೊತೆಗೆ ಗರಗಸ ಮಂಡಲ ಅನ್ನುವ ಇನ್ನೊಂದು ವಿಷದ ಹಾವು, ನಾಲ್ಕಕ್ಕೂ ಕೊಡುವುದು ಒಂದೇ ಔಷಧಿ, ಎಎಸ್‌ವಿ.

ದಾರಿಯಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಎಎಸ್‌ವಿ ಇದೆಯಾ, ವೆಂಟಿಲೇಟರ್ ಇದೆಯಾ. ಎಎಸ್‌ವಿ ಇಲ್ಲದಿದ್ದರೆ ಮುಂದಿನ ಆಸ್ಪತ್ರೆ, ಎರಡೂ ಇದ್ದರೆ ಒಳ್ಳೆಯದು. ವಿಕ್ಟೋರಿಯಾದಂಥ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ. ಇನ್ನೂ ಒಳ್ಳೆಯದು, ಈ ವಾರವೇ ನಿಮ್ಮ ಮನೆ ಹತ್ತಿರದ ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬನ್ನಿ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿದೆ, ಖಾಸಗಿ ಆಸ್ಪತ್ರೆಗಳೂ ಸೇರಿ. ಕರ್ನಾಟಕ ಈ ಕೆಲಸ ಮಾಡಿದ್ದು ನಮಗೆ ಹೆಮ್ಮೆ.

ಕೋತಿ

ಕೋತಿಗೆ ತಿನ್ನಲು ಕೊಡಬೇಡಿ. ಶನಿವಾರವೂ ಬೇಡ. ಹನುಮಪ್ಪನಿಗೆ ಬಾಳೆಹಣ್ಣು ಅರ್ಪಿಸಿ, ಪ್ರಸಾದ ಮನುಷ್ಯರಿಗೆ ಹಂಚಿ. ನೀವು ತಾರಸಿಯಲ್ಲಿ ಕೊಟ್ಟ ಹಣ್ಣಿಗೆ ಬಂದ ಗುಂಪು ಪಕ್ಕದ ಮನೆಯ ಅಡುಗೆಮನೆಗೂ ನುಗ್ಗುತ್ತದೆ, ಸೋಲಾರ್ ಹೀಟರಿನ ಗಾಜಿನ ಕೊಳವೆ ಒಡೆಯುತ್ತದೆ, ಟ್ಯಾಂಕಿನ ಮುಚ್ಚಳ ತೆಗೆದು ಈಜುತ್ತದೆ. ಕಷ್ಟ ಅನುಭವಿಸುವವರು ಪಕ್ಕದ ಮನೆಯವರು.

ಅಡುಗೆಮನೆ ಕಿಟಕಿಯ ಗ್ರಿಲ್ಲಿಗೆ ಒಳಗಿಂದ ಜಾಲರಿ ಹಾಕಿಸಿ. ಹಣ್ಣಿನ ಬುಟ್ಟಿ ಕಿಟಕಿಯಿಂದ ಕಾಣದಿರಲಿ. ಟ್ಯಾಂಕಿನ ಮುಚ್ಚಳಕ್ಕೆ ತಂತಿ ಬಿಗಿಯಿರಿ. ಎದುರು ಸಿಕ್ಕರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ತೋರಿಸಬೇಡಿ, ಓಡಬೇಡಿ. ಕೈಯಲ್ಲಿದ್ದ ಕವರ್ ಕಿತ್ತುಕೊಂಡರೆ ಬಿಟ್ಟುಬಿಡಿ. ಒಳಗೆ ಬಂದಿದ್ದರೆ ಹೊರಗೆ ಹೋಗುವ ಬಾಗಿಲು ತೆರೆದು ನೀವು ಪಕ್ಕಕ್ಕೆ ಸರಿಯಿರಿ, ದಾರಿ ಕಟ್ಟಬೇಡಿ. ದುಡ್ಡು ಕೊಟ್ಟು ಯಾರನ್ನೋ ಕರೆಸಿ ಹಿಡಿಸುವುದು ಕಾನೂನಿಗೆ ವಿರುದ್ಧ, ಅರಣ್ಯ ಇಲಾಖೆಯ ಅನುಮತಿ ಬೇಕು. ಹಿಡಿಸಿದರೂ ಊಟ ಸಿಗುವ ಜಾಗಕ್ಕೆ ಇನ್ನೊಂದು ಗುಂಪು ಬರುತ್ತದೆ.

ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ನಲ್ಲಿ ನೀರಿನ ಕೆಳಗೆ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಶುರು ಮಾಡಿ, ಹೇಳಿದ ಎಲ್ಲ ಡೋಸೂ ಮುಗಿಸಿ.

ಹೆಜ್ಜೇನು

ಅಪಾರ್ಟ್‌ಮೆಂಟಿನ ಸಜ್ಜಾ ಕೆಳಗೆ, ಓವರ್‌ಹೆಡ್ ಟ್ಯಾಂಕಿಗೆ ಕಟ್ಟುತ್ತವೆ. ಮಲೆನಾಡಿನಿಂದ ಬಂದವರು ಪೆಟ್ಟಿಗೆಯಲ್ಲಿ ತುಡುವೆ ಸಾಕಿರುತ್ತೀರಿ. ಅದೇ ಧೈರ್ಯದಲ್ಲಿ ಇದರ ಹತ್ತಿರ ಹೋಗಬೇಡಿ. ಹೂವಿನ ಕಾಲ ಮುಗಿದಾಗ ಇವು ತಾವೇ ಗೂಡು ಬಿಟ್ಟು ಹೋಗುತ್ತವೆ. ಅಲ್ಲಿವರೆಗೆ ಆ ಬದಿಯ ಬಾಲ್ಕನಿ ದೀಪ ರಾತ್ರಿ ಹಾಕಬೇಡಿ, ಬೆಳಕಿಗೆ ಒಳಗೆ ಬರುತ್ತವೆ. ಆ ಕಡೆ ಹೊಗೆ, ಪಟಾಕಿ ಬೇಡವೇ ಬೇಡ. ವಾಚ್‌ಮನ್ ಕೈಲಿ ಪಂಜು ಕೊಟ್ಟು ಸುಡಿಸುವುದು, ವಿಷ ಹೊಡೆಸುವುದು ಮಹಾ ತಪ್ಪು. ಆ ಬಡವನಿಗೆ ಏನಾದರೂ ಆದರೆ ಯಾರು ಹೊಣೆ? ತೀರಾ ಅಪಾಯದ ಜಾಗದಲ್ಲಿದ್ದರೆ ಕೊಲ್ಲದೆ ಸ್ಥಳ ಬದಲಿಸುವ ಜೇನು ತಿಳಿದವರನ್ನು ಕರೆಸಬಹುದು.

ಎದ್ದು ಬಂದರೆ ಮುಖ ಮುಚ್ಚಿಕೊಂಡು ನೇರ ಮನೆಯೊಳಗೆ ಓಡಿ. ಕೈ ಬೀಸಬೇಡಿ. ತುಂಬಾ ಕಡಿದಿದ್ದರೆ, ಉಸಿರು ಕಟ್ಟಿದರೆ ಆಸ್ಪತ್ರೆ.

ಉಳಿದವು

- ಇಲಿ, ಹೆಗ್ಗಣ: ಬೋನು ಇಡಿ, ಬಿಲ ಮುಚ್ಚಿ. ವಿಷ ಬೇಡ, ಅದನ್ನು ತಿಂದ ಇಲಿಯನ್ನು ತಿಂದು ಗೂಬೆ, ಬೆಕ್ಕು ಸಾಯುತ್ತವೆ.
- ಪುನುಗು ಬೆಕ್ಕು: ರಾತ್ರಿ ಸೀಲಿಂಗ್ ಮೇಲೆ ಓಡಾಡುವ ಸದ್ದು ಇದರದ್ದೇ. ಮರಿ ಇದ್ದರೆ ದೊಡ್ಡದಾಗಿ ಹೋಗುವವರೆಗೆ ಕಾಯಿರಿ, ಆಮೇಲೆ ಸಂದಿ ಮುಚ್ಚಿ.
- ಪಾರಿವಾಳ: ಬಾಲ್ಕನಿಗೆ ಬಲೆ, ಬಿಗಿಯಾಗಿ. ಜೋಲು ಬಿಟ್ಟರೆ ಹಕ್ಕಿ ಸಿಕ್ಕಿಕೊಳ್ಳುತ್ತದೆ. ಒಣ ಹಿಕ್ಕೆ ಗುಡಿಸಬೇಡಿ, ನೀರು ಹಾಕಿ ಮಾಸ್ಕ್ ಹಾಕಿಕೊಂಡು ತೊಳೆಯಿರಿ.
- ಗೂಬೆ: ಅಪಶಕುನ ಅಲ್ಲ. ಓಡಿಸಬೇಡಿ.
- ಬಾವಲಿ: ಕಚ್ಚಿದ ಹಣ್ಣು ತಿನ್ನಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ.
- ಮುಂಗುಸಿ, ಉಡ: ಅವುಗಳ ಪಾಡಿಗೆ ಬಿಡಿ.
- ಗಾಯಗೊಂಡ ಹದ್ದು, ಹಕ್ಕಿ: ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಡಿ, ಬಾಯಿಗೆ ನೀರು ಹಾಕಬೇಡಿ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಅವರ ವನ್ಯಜೀವಿ ಆಸ್ಪತ್ರೆ ಇದೆ.
- ಚಿರತೆ: ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನಬೇಡಿ. 2016ರಲ್ಲಿ ವರ್ತೂರು ಕಡೆ ಶಾಲೆಯೊಂದಕ್ಕೇ ನುಗ್ಗಿತ್ತು. ಸುದ್ದಿ ಬಂದರೆ ಸಾಕುನಾಯಿಯನ್ನು ರಾತ್ರಿ ಒಳಗೆ ಕಟ್ಟಿ, ಮಕ್ಕಳನ್ನು ಸಂಜೆ ಮೇಲೆ ಒಂಟಿಯಾಗಿ ಕಳಿಸಬೇಡಿ, 1926ಕ್ಕೆ ತಿಳಿಸಿ, ಗುಂಪು ಕಟ್ಟಿಕೊಂಡು ನೋಡಲು ಹೋಗಬೇಡಿ.

ಖಾಲಿ ಸೈಟು

ಪಕ್ಕದ ಸೈಟಿನಲ್ಲಿ ಪಾರ್ಥೇನಿಯಂ, ಕಟ್ಟಡದ ಕಸ ಬೆಳೆದು ನಿಂತಿದ್ದರೆ ನಿಮ್ಮ ಮನೆ ಎಷ್ಟು ಚೊಕ್ಕ ಇಟ್ಟರೂ ಸಾಲದು. ಮಾಲೀಕರು ಯಾರು ಅಂತ ಹುಡುಕಿ ಮೊದಲು ಮರ್ಯಾದೆಯಿಂದ ಹೇಳಿ. ಕೇಳದಿದ್ದರೆ 1533ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಪಾಲಿಕೆಗೆ ಬರೆಯುವ ಪತ್ರದ ಕನ್ನಡ ಮಾದರಿ ಸಂಘದಲ್ಲಿದೆ, ಬಂದು ತಗೊಂಡು ಹೋಗಿ. ಒಂದೇ ಬೀದಿಯ ನಾಲ್ಕೈದು ಮನೆಯವರು ಸೇರಿ ಸಹಿ ಹಾಕಿ, ಮುಂಗಾರು ಶುರುವಾಗುವ ಮೊದಲೇ ಕೊಡಿ.